ಒಂಟಿ ರಸ್ತೆ

ಮೊನ್ನೆ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅಮೆರಿಕದ ನೆವಾಡಾದಲ್ಲಿ ಯು.ಎಸ್. 50 ಹೆದ್ದಾರಿ ಹಿಡಿದೆವು. 1986ರಲ್ಲಿ 'ಲೈಫ್' ಪತ್ರಿಕೆ ಇದನ್ನೇ ಅಮೆರಿಕದ ಅತಿ ಒಂಟಿ ರಸ್ತೆ ಅಂತ ಕರೆದದ್ದು. ಈಲಿಯಿಂದ ಯುರೇಕಾಗೆ ಸುಮಾರು 124 ಕಿಲೋಮೀಟರು, ನಡುವೆ ಒಂದು ಪೆಟ್ರೋಲ್ ಬಂಕೂ ಇಲ್ಲ. ಬೆಟ್ಟ ಇಳಿದರೆ ಬಯಲು, ಬಯಲು ಮುಗಿದರೆ ಮತ್ತೆ ಬೆಟ್ಟ... ಕಾರು ನಿಲ್ಲಿಸಿದರೆ ಗಾಳಿಯದ್ದೊಂದೇ ಸದ್ದು.

"ಇಲ್ಲೇ ಮನೆ ಮಾಡೋಣ ಕಣೇ, ಕೆಲಸ ಹೇಗೂ ಮನೆಯಿಂದಲೇ" ಅಂದೆ.

"ಬಯಲಿಗೆ ಇಷ್ಟು ದೂರ ಬರಬೇಕಿತ್ತೇನ್ರೀ? ನಿಮ್ಮ ಚಳ್ಳಕೆರೆ ಸಾಲದಾ?" ಅಂದಳು.

ಸುಮ್ಮನಾದೆ. ಆ ಬಯಲು ಬೇಜಾರು ಅಂತಲೇ ಇಂಜಿನಿಯರಿಂಗ್ ನೆಪದಲ್ಲಿ ಊರು ಬಿಟ್ಟವನು ನಾನು. ಅಪ್ಪ ಈಗಲೂ ಅಲ್ಲೇ, ಒಬ್ಬರೇ. ಪ್ರತಿ ಭಾನುವಾರ ಫೋನ್ ಮಾಡಿ "ಯಾವಾಗ ಬರ್ತೀಯಪ್ಪಾ?" ಅಂತಾರೆ.

ಯುರೇಕಾದಲ್ಲಿ ಮೊಬೈಲಿಗೆ ಸಿಗ್ನಲ್ ಬಂತು. ಅಪ್ಪನ ಎರಡು ಮಿಸ್ಡ್ ಕಾಲ್.