ಕಾರು ತಗ್ಗಿಸುವ ಲೆಕ್ಕ

ಒಂಬತ್ತನೇ ತರಗತಿಯ ಹುಡುಗರ ಕೈಗೆ ಸ್ಪ್ರಿಂಗ್ ತ್ರಾಸು ಕೊಟ್ಟರೆ ಅವರು ಮೊದಲು ಮಾಡುವ ಕೆಲಸ ತೂಗುವುದಲ್ಲ, ಎಳೆಯುವುದು. ಮುಳ್ಳು ಕೊನೆ ಮುಟ್ಟಿದ ಮೇಲೂ ಎಳೆಯುತ್ತಾರೆ. ದೇವದುರ್ಗದಲ್ಲೂ ಹೀಗೇ, ಈಗ ಮಾನ್ವಿಯಲ್ಲೂ ಹೀಗೇ. ಮೂವತ್ತು ವರ್ಷಗಳ ಹತ್ತಿರಕ್ಕೆ ಬಂದ ನನ್ನ ಮಾಸ್ತರಿಕೆಯಲ್ಲಿ ಅದೆಷ್ಟು ತ್ರಾಸುಗಳು ಹೀಗೆ ಸೊಟ್ಟಗಾದವೋ. ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಸ್ಪ್ರಿಂಗಿನ ನಿಯಮವನ್ನು ಕಂಡುಕೊಂಡಾಗ ಬೇರೆಯವರು ಕದ್ದಾರೆಂದು 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಪ್ರಕಟಿಸಿದ. ಒಗಟನ್ನು ಬಿಡಿಸಿದ್ದು 1678ರಲ್ಲಿ. ಹೊರೆ ಎರಡು ಪಟ್ಟಾದರೆ ಹಿಗ್ಗುವುದೋ ಕುಗ್ಗುವುದೋ ಎರಡು ಪಟ್ಟು. ಇಷ್ಟೇ ನಿಯಮ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ, ಆಮೇಲೆ ಮರೆತುಹೋಗುತ್ತದೆ.

ಆ ನಿಯಮ ನೆನಪಿಟ್ಟುಕೊಂಡ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ರಾಯಚೂರಿನ ನಮ್ಮ ಮನೆಗೆ ಬಂದಿದ್ದ. ದೇವದುರ್ಗ ತಾಲ್ಲೂಕಿನ ಹುಡುಗ, ಎಂಜಿನಿಯರಿಂಗ್ ಮುಗಿಸಿದವನು. ತಂದೆಗೆ ಇಲ್ಲಿಯ ಗಂಜಿನಲ್ಲಿ ಹತ್ತಿಯ ಅಡತಿ ಅಂಗಡಿ. ಕಳೆದ ವರ್ಷ ಸಾಲ ಮಾಡಿ ಫೋಕ್ಸ್‌ವ್ಯಾಗನ್ ವರ್ಟಸ್ ಎಂಬ ಜೋರಿನ ಕಾರು ಕೊಂಡಿದ್ದಾರೆ. ಕಾಲ ಮೇಲೆ ಫೋನು ಇಟ್ಟುಕೊಂಡು ಚಿತ್ರ ತೋರಿಸುತ್ತ, "ಸರ್, ಕಾರಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಸ್ಬೇಕು ಅಂತ ಮಾಡೀನ್ರಿ. ಯಾವ್ದು ಛಲೋ ಅಂತ ನೀವ ಹೇಳ್ರಿ" ಎಂದ. ಹೊರಗಿನಿಂದ ತರಿಸುವ ಸ್ಪ್ರಿಂಗು, 35 ಮಿಲಿಮೀಟರ್ ತಗ್ಗಿಸುವಂಥದ್ದು, ಜೋಡಣೆ ಸೇರಿ ಮೂವತ್ತು ಸಾವಿರದ ಮೇಲೆ.

ಅವನು ಬರುವ ಎರಡು ದಿನ ಮೊದಲು ಅವನ ತಂದೆಯೂ ನನಗೆ ಸಿಕ್ಕಿದ್ದರು. "ಮಾಸ್ತರ್ರ, ನಿಮ್ಮ ಮಾತು ಕೇಳ್ತಾನ. ಒಂದೆರಡು ಬುದ್ಧಿಮಾತು ಹೇಳ್ರಿ. ಇದ್ದ ಕಾರು ನೆಲಕ್ಕ ಹಚ್ಚಬೇಕಂತಾನ. ನಮ್ಮವ್ವನ್ನ ಅದರಾಗ ಹೆಂಗ ಕರಕೊಂಡು ಬರೋದು?" ಅಜ್ಜಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಆಗಿದೆ. ಹದಿನೈದು ದಿನಕ್ಕೊಮ್ಮೆ ಊರಿನಿಂದ ರಾಯಚೂರಿನ ಡಾಕ್ಟರ ಬಳಿಗೆ ಇದೇ ಕಾರಿನಲ್ಲಿ ಬರಬೇಕು. ಈ ವಿಷಯವಾಗಿ ತಂದೆ ಮಗ ಒಂದು ತಿಂಗಳಿಂದ ಸರಿಯಾಗಿ ಮಾತಾಡಿಲ್ಲ. ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಕೂರುತ್ತಾರಂತೆ.

ಪಾಲಕರು ಬುದ್ಧಿ ಹೇಳಿ ಎಂದಾಗಲೆಲ್ಲ ನನಗೆ ಸಂಕೋಚ. ಇಪ್ಪತ್ತಾರು ವರ್ಷದವನಿಗೆ ಅದು ಕಿವಿಯ ಒಳಗೆ ಇಳಿಯುವುದಿಲ್ಲ. ಅದೂ ಅಲ್ಲದೆ ಹುಡುಗನ ಆಸೆಯಲ್ಲಿ ವಿಜ್ಞಾನ ಇಲ್ಲವೆಂದೇನೂ ಇಲ್ಲ. ಕಾರು ತಿರುವಿನಲ್ಲಿ ವಾಲುವುದು ಅದರ ಗುರುತ್ವ ಕೇಂದ್ರ ನೆಲದಿಂದ ಎತ್ತರದಲ್ಲಿರುವುದರಿಂದ. ಅದನ್ನು ಇಳಿಸಿದರೆ ವಾಲುವುದು ಕಡಿಮೆ, ಹೊರಗಿನ ಚಕ್ರಗಳ ಮೇಲೆ ಬೀಳುವ ಹೆಚ್ಚುವರಿ ಭಾರವೂ ಕಡಿಮೆ. ಆದರೆ ಎಷ್ಟು ಕಡಿಮೆ? ಇಂಥ ಕಾರುಗಳ ಗುರುತ್ವ ಕೇಂದ್ರ ಸುಮಾರು ಅರ್ಧ ಮೀಟರಿಗಿಂತ ಚೂರು ಮೇಲಿರುತ್ತದೆ. 550 ಮಿಲಿಮೀಟರ್ ಎಂದು ಹಿಡಿದರೆ 35 ಮಿಲಿಮೀಟರ್ ಎಂದರೆ ಶೇಕಡ 6ರಷ್ಟು. ಪುಣೆ ರಸ್ತೆಯಲ್ಲಿ ಅದು ಗೊತ್ತಾಗಬಹುದು. ಒಳ್ಳೆಯ ಟೈರು ಹಾಕಿದರೆ ಅದಕ್ಕಿಂತ ಹೆಚ್ಚು ಗೊತ್ತಾಗುತ್ತದೆ.

"ಯಾವ್ದು ಛಲೋ ಅನ್ನೋದು ಆಮ್ಯಾಲೆ. ಮೊದಲ ಅಳತಿ ಮಾಡೋಣು" ಎಂದೆ. ಓಣಿಯಲ್ಲಿದ್ದ ಒಂಬತ್ತನೇ ತರಗತಿಯ ಮೂವರು ಹುಡುಗರು ಹಿಂದೆ ಕೂತರು, ನಾವಿಬ್ಬರು ಮುಂದೆ, ಡಿಕ್ಕಿಯಲ್ಲಿ 25 ಕಿಲೋದ ಸೋನಾ ಮಸೂರಿ ಅಕ್ಕಿಚೀಲ ಮೂರು. ಚಕ್ರದ ಮೇಲಿನ ಕಮಾನಿನಂಚಿನಿಂದ ನೆಲಕ್ಕೆ ಖಾಲಿ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು ಎಂದು ನಮ್ಮ ಮನೆಯವಳೇ ಟೇಪು ಹಿಡಿದು ಬರೆದುಕೊಂಡಳು. ಹಿಂದೆ 50 ಮಿಲಿಮೀಟರ್ ಇಳಿದಿತ್ತು, ಮುಂದೆ 18. ಹಾಗಾದರೆ ಕಾರಿನ ನಡುಹೊಟ್ಟೆ ಇಳಿದದ್ದು ಎರಡರ ಸರಾಸರಿ, 34. ಖಾಲಿ ಕಾರಿನ ಹೊಟ್ಟೆಗೂ ನೆಲಕ್ಕೂ ಕಂಪನಿಯ ಲೆಕ್ಕದಲ್ಲಿ 179 ಮಿಲಿಮೀಟರ್ ಅಂತರ. ಮಂದಿ ತುಂಬಿದಾಗ ಉಳಿಯುವುದು 145. ಹೊಸ ಸ್ಪ್ರಿಂಗು ಹಾಕಿದರೆ ಅದರಲ್ಲೂ 35 ಹೋಗಿ 110. ಹುಡುಗ ಇದನ್ನು ತಾನೇ ಲೆಕ್ಕ ಹಾಕಿದ, ಆದರೂ ಸೋಲಲಿಲ್ಲ. "110 ಅಂದ್ರ ಸಾಕಲ್ರಿ ಸರ್. ಹಂಪು 100 ಅಲ್ಲೇನ್ರಿ?"

ಅವನ ಮಾತು ನಿಜವೇ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಮಾಡಿದ ಸೂಚನೆಗಳ ಪ್ರಕಾರ ರಸ್ತೆ ಹಂಪು 100 ಮಿಲಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು, 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತೆ ದುಂಡಗಿರಬೇಕು. ಇಲ್ಲೊಂದು ಸೊಗಸು ಇದೆ, ಹತ್ತನೇ ತರಗತಿಯವರು ಚಿತ್ರ ಬರೆದು ನೋಡಬಹುದು. ಈ ಕಾರಿನ ಮುಂದಿನ ಹಿಂದಿನ ಚಕ್ರಗಳ ನಡುವೆ 2.65 ಮೀಟರ್. ಹಂಪು ಅದಕ್ಕಿಂತ ಅಗಲ. ಎಂದರೆ ನಾಲ್ಕೂ ಚಕ್ರಗಳು ಒಟ್ಟಿಗೇ ಹಂಪಿನ ಮೇಲೆ ನಿಲ್ಲುತ್ತವೆ, ಕಾರೂ ಹಂಪಿನ ಜೊತೆಗೇ ಏಳುತ್ತದೆ. ಚಕ್ರದಿಂದ ಚಕ್ರಕ್ಕೆ ಎಳೆದ ಗೆರೆ ಆ ವೃತ್ತದ ಒಂದು ಜ್ಯಾ. ಜ್ಯಾದ ಅರ್ಧವನ್ನು ವರ್ಗ ಮಾಡಿ ವ್ಯಾಸದಿಂದ ಭಾಗಿಸಿದರೆ ನಡುವಿನ ಉಬ್ಬು ಹೆಚ್ಚುಕಡಿಮೆ ಸಿಗುತ್ತದೆ: 52 ಮಿಲಿಮೀಟರ್. ನೂರರ ಹಂಪು ದಾಟಲು ಬೇಕಾದದ್ದು ಬರೀ 52! ತಗ್ಗಿಸಿದ ಕಾರೂ ಆರಾಮವಾಗಿ ದಾಟುತ್ತದೆ.

ಹುಡುಗನ ಮುಖ ಅರಳಿತು. ನಾನು ಅವನ ಕೈಗೆ ಒಂದು ನೇರವಾದ ಹಲಗೆ, ಒಂದು ಸ್ಕೇಲು ಕೊಟ್ಟು ಕಳಿಸಿದೆ. ಗಬ್ಬೂರಿನ ಮೇಲೆ ಹಾದು ಊರಿಗೆ ಹೋಗುವಾಗ ಸಿಗುವ ಹಂಪುಗಳನ್ನು ಅಳೆದು ಬರಲಿ ಎಂದು. ಮರುದಿನ ರಾತ್ರಿ ಫೋನು ಬಂತು. ಒಂದು ಹಳ್ಳಿಯ ಶಾಲೆಯ ಮುಂದಿನ ಹಂಪು 130 ಮಿಲಿಮೀಟರ್ ಎತ್ತರ, ಅಗಲ ಒಂದು ಮೀಟರೂ ಇಲ್ಲ. ಇಂಥದ್ದರ ಮೇಲೆ ಮುಂದಿನ ಚಕ್ರ ಇಳಿದುಹೋದ ಮೇಲೆ ಹಿಂದಿನದು ಇನ್ನೂ ಏರಿರುವುದಿಲ್ಲ. ಪೂರಾ 130ನ್ನೂ ಹೊಟ್ಟೆಯ ಕೆಳಗೇ ದಾಟಿಸಬೇಕು. ಈಗಿರುವ 145ಕ್ಕೆ ನಿಧಾನವಾಗಿ ಹೋದರೆ 15 ಮಿಲಿಮೀಟರ್ ಉಳಿಯುತ್ತದೆ. 110 ಆದರೆ ತಗಲುತ್ತದೆ. ಇಂಥ ಹಂಪು ಹಾಕಿದವರನ್ನು ಬೈಯಲು ನನ್ನ ನಾಲಗೆ ಮಾತ್ರ ಏಳುವುದಿಲ್ಲ. ಮಕ್ಕಳು ದಾಟುವ ಜಾಗದಲ್ಲಿ ಲಾರಿ ನಿಧಾನವಾಗಬೇಕೆಂದು ಕೈಗೆ ಸಿಕ್ಕ ಕಲ್ಲು ಡಾಂಬರು ಹಾಕಿರುತ್ತಾರೆ; ಅವರ ಕೈಯಲ್ಲಿ 17 ಮೀಟರ್ ತ್ರಿಜ್ಯದ ಕೈವಾರ ಇರುವುದಿಲ್ಲ.

ಹಂಪಿಗಿಂತ ನನಗೆ ಹೆಚ್ಚು ಚಿಂತೆ ಇದ್ದದ್ದು ರಸ್ತೆಯ ಅಲೆಗಳದ್ದು. ರಾಯಚೂರಿನಿಂದ ಮಾನ್ವಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನಗೆ ಯಾವ ಜಾಗದಲ್ಲಿ ಬುತ್ತಿ ಡಬ್ಬಿ ಹಾರುತ್ತದೆ ಎಂದು ಕಣ್ಣು ಮುಚ್ಚಿಕೊಂಡೂ ಹೇಳಲು ಬರುತ್ತದೆ. ನಮ್ಮದು ಎರೆ ಭೂಮಿ. ಈ ಕರಿಮಣ್ಣಿನಲ್ಲಿರುವ ಜೇಡಿಯ ಪದರಗಳು ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತವೆ. ಕಾಲುವೆಯ ನೀರಿನ ಭತ್ತದ ಗದ್ದೆ ಒಂದು ಕಡೆ, ಒಣ ಹೊಲ ಇನ್ನೊಂದು ಕಡೆ ಇದ್ದರಂತೂ ಮೇಲಿನ ರಸ್ತೆ ಒಂದೇ ಸಮ ಇರುವುದಾದರೂ ಹೇಗೆ? ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ಬ್ರೇಕು ಹಾಕಬಹುದು. ಉದ್ದನೆಯ ಅಲೆ ಕಾಣುವುದಿಲ್ಲ. 80ರ ವೇಗದಲ್ಲಿ ಇಂಥ ಅಲೆ ಸಿಕ್ಕರೆ ಸ್ಪ್ರಿಂಗು ಪೂರ್ತಿ ಕುಗ್ಗಲು ಜಾಗ ಬೇಡುತ್ತದೆ.

ಆ ಜಾಗವನ್ನೇ ತಗ್ಗಿಸುವ ಸ್ಪ್ರಿಂಗು ತಿಂದುಬಿಟ್ಟಿರುತ್ತದೆ. ಸ್ಪ್ರಿಂಗು ಕುಗ್ಗುವ ದಾರಿ ಮುಗಿದಾಗ ಲೋಹಕ್ಕೆ ಲೋಹ ಬಡಿಯದಿರಲಿ ಎಂದು ಒಂದು ರಬ್ಬರಿನ ಗುಬ್ಬಿ ಇಟ್ಟಿರುತ್ತಾರೆ. 35 ಮಿಲಿಮೀಟರ್ ತಗ್ಗಿಸಿದ ಕಾರು ಅಷ್ಟೂ ಬೇಗ ಆ ಗುಬ್ಬಿಗೆ ತಾಗುತ್ತದೆ. ಅದಕ್ಕೇ ತಯಾರಕರು ಈ ಸ್ಪ್ರಿಂಗನ್ನು ಗಿಡ್ಡ ಮಾಡುವುದರ ಜೊತೆಗೆ ಗಟ್ಟಿಯನ್ನೂ ಮಾಡುತ್ತಾರೆ. ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಗಡಸುತನ ಏರುತ್ತದೆ. 12 ಮಿಲಿಮೀಟರ್ ತಂತಿಯ ಬದಲು 13ರದ್ದು ಹಾಕಿದರೆ ಸಾಕು, ಶೇಕಡ 38ರಷ್ಟು ಗಟ್ಟಿ. ಗುಬ್ಬಿಗೆ ತಾಗಿದ ಕ್ಷಣ ಹುಕ್‌ನ ನೇರಗೆರೆ ಮುಗಿಯಿತು, ಬಲ ಒಮ್ಮೆಲೇ ಏರುತ್ತದೆ, ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ನುಣುಪಾದ ರೇಸಿನ ಹಾದಿಯಲ್ಲಿ ಹಿಡಿತ ಕೊಡುವ ಸ್ಪ್ರಿಂಗೇ ನಮ್ಮ ರಸ್ತೆಯಲ್ಲಿ ಹಿಡಿತ ಕಳೆಯುತ್ತದೆ ಎಂದಾಗ ಹುಡುಗ ಮೊದಲ ಸಲ ಸುಮ್ಮನಾದ.

ಅಜ್ಜಿಯ ಲೆಕ್ಕವನ್ನೂ ಮಾಡಿದೆವು. ಭಾರಕ್ಕೆ 16 ಸೆಂಟಿಮೀಟರ್ ಕುಗ್ಗಿ ನಿಂತ ಸ್ಪ್ರಿಂಗು ತೂಗುವ ಅವಧಿ, ಅದೇ ಉದ್ದದ ಲೋಲಕದ ಅವಧಿಯಷ್ಟೇ: 0.8 ಸೆಕೆಂಡು, ಎಂದರೆ ನಿಮಿಷಕ್ಕೆ 75 ಸಲ. ಹೆಚ್ಚುಕಡಿಮೆ ನಾಡಿಯ ಬಡಿತ. ಇಂಥ ಲಯವನ್ನು ದೇಹ ಸಹಿಸುತ್ತದೆ. ಸ್ಪ್ರಿಂಗು ಶೇಕಡ 30 ಗಟ್ಟಿಯಾದರೆ ಅದು 85 ಆಗುತ್ತದೆ. ಗಟ್ಟಿಮುಟ್ಟಾದವರಿಗೆ ಅದು ದೊಡ್ಡದಲ್ಲ. ಲೋಹದ ಮೊಳೆ ಕೂಡಿಸಿದ ಸೊಂಟಕ್ಕೆ, ಅದೂ ಗುಬ್ಬಿಯ ಬಡಿತ ಸೇರಿದರೆ, ಎರಡು ತಾಸಿನ ದಾರಿ ಬಹಳ ಉದ್ದ.

ಇಷ್ಟಾದ ಮೇಲೆ ಅವನು ಇನ್ನೊಂದು ದಾರಿ ತೆಗೆದ. ಯಾವುದೋ ಗ್ಯಾರೇಜಿನ ಮಿಸ್ತ್ರಿ, ಇದ್ದ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡುತ್ತೇನೆ, ಎರಡು ಸಾವಿರ ಸಾಕು ಎಂದಿದ್ದನಂತೆ. ಇದಕ್ಕೆ ಮಾತ್ರ ನಾನು ದನಿ ಏರಿಸಿದೆ. ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂಬುದು ಹೌದು, ಬಾಲ್‌ಪೆನ್ನಿನ ಸ್ಪ್ರಿಂಗು ಕತ್ತರಿಸಿ ಮಕ್ಕಳೇ ನೋಡಬಹುದು. ಆದರೆ ಚಕ್ರ ನೇತಾಡಿದಾಗ ಕತ್ತರಿಸಿದ ಸ್ಪ್ರಿಂಗು ತನ್ನ ಬಟ್ಟಲಿನಿಂದ ಜಾರಬಹುದು. ಗ್ಯಾಸಿನ ಬೆಂಕಿ ತಾಗಿದ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಒಂದು ದಿನ ಓಡುತ್ತಿರುವಾಗಲೇ ಮುರಿದೀತು.

ಯಾವುದನ್ನು ಆರಿಸಬೇಕು ಎಂದು ಕೇಳಿದ್ದನಲ್ಲ, ಅದಕ್ಕೂ ಉತ್ತರ ಕೊಡಬೇಕು. ದಾರಿ ನುಣುಪಾಗಿದ್ದು, ಕಾರಿನಲ್ಲಿ ಒಬ್ಬಿಬ್ಬರೇ ಕೂರುವವರಾದರೆ, ತಗ್ಗಿಸುವುದು ಒಂದಂಗುಲ ಮೀರಬಾರದು. ಅದೇ ಕಾರಿಗೆ, ಅದೇ ಎಂಜಿನ್ನಿನ ತೂಕಕ್ಕೆಂದು ಮಾಡಿದ ಸ್ಪ್ರಿಂಗು ಆಗಬೇಕು. ಶಾಕ್ ಅಬ್ಸಾರ್ಬರು, ಗ್ಯಾರೇಜಿನವರ ಬಾಯಲ್ಲಿ ಶಾಕಪ್ಪು, ಅದಕ್ಕೆ ಹೊಂದಬೇಕು. ಇಲ್ಲವಾದರೆ ಗಟ್ಟಿ ಸ್ಪ್ರಿಂಗಿನ ತೂಗಾಟವನ್ನು ಅದು ತಡೆಯಲಾರದು. ಹಾಕಿದ ಮೇಲೆ ಚಕ್ರಗಳ ಅಲೈನ್‌ಮೆಂಟು, ಹೆಡ್‌ಲೈಟಿನ ದಿಕ್ಕು ಎರಡನ್ನೂ ಮತ್ತೆ ಹೊಂದಿಸಬೇಕು. ಇಂಥ ಸ್ಪ್ರಿಂಗು ಹಾಕುವ ಚಟ ಹೆಚ್ಚಿರುವ ಜರ್ಮನಿಯಲ್ಲೂ ಸ್ಪ್ರಿಂಗಿಗೆ ತಪಾಸಣೆಯ ಪ್ರಮಾಣಪತ್ರ ಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಾಯಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ವಿಮೆಯವರಿಗೂ ತಕರಾರು ತೆಗೆಯಲು ಒಂದು ನೆಪ ಸಿಕ್ಕಂತಾಗುತ್ತದೆ.

ಸದ್ಯಕ್ಕೆ ಸ್ಪ್ರಿಂಗು ತರಿಸಿಲ್ಲ. "ಬೆಂಗಳೂರಿಗೆ ಹೋದ ಮ್ಯಾಲೆ ನೋಡೋಣ್ರಿ ಸರ್" ಎಂದಿದ್ದಾನೆ, ಆಸೆ ಪೂರಾ ಆರಿಲ್ಲ. ಹಂಪು ಅಳೆಯಲು ಹೋದ ದಿನ ರಸ್ತೆಯ ಮೇಲೆ ಹಲಗೆಯ ಇನ್ನೊಂದು ತುದಿ ಹಿಡಿದವರು ಅವನ ಅಪ್ಪನಂತೆ. ಅದನ್ನು ಅವನು ಫೋನಿನಲ್ಲಿ ಕೊನೆಗೆ, ಹೇಳಬೇಕೋ ಬೇಡವೋ ಎನ್ನುವಂತೆ ಹೇಳಿದ.

ಹಿಂದಿನ ಸೀಟಿನಲ್ಲಿ ಕೂತಿದ್ದ ಮೂವರಲ್ಲಿ ಒಬ್ಬ ಆಮೇಲೆ ಕೇಳಿದ ಪ್ರಶ್ನೆಯೊಂದು ಉಳಿದಿದೆ. ಲಾರಿಯ ಹಿಂದಿನ ಕಮಾನ್ ಪಟ್ಟಿಗಳ ಮೇಲೆ ಇನ್ನೊಂದು ಚಿಕ್ಕ ಕಟ್ಟು ಇರುತ್ತದಲ್ಲ, ಖಾಲಿ ಲಾರಿಯಲ್ಲಿ ಅದು ಯಾತಕ್ಕೂ ತಾಗಿರುವುದೇ ಇಲ್ಲ, ಮತ್ತೆ ಅದೇಕೆ? ಆ ವಾರವೇ ಮಾನ್ವಿಯಲ್ಲಿ ನಮ್ಮ ಶಾಲೆಯ ಮಗ್ಗುಲಿಗೆ ಒಂದು ಭತ್ತದ ಲಾರಿ ನಿಂತಿತ್ತು. ಡ್ರೈವರನನ್ನು ಕೇಳಿ, ಚಕ್ರಕ್ಕೆ ಕಲ್ಲು ಕೊಟ್ಟು, ನಲವತ್ತು ಹುಡುಗರನ್ನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿದೆ. ಹಮಾಲರು ಚೀಲ ಏರಿಸುತ್ತ ಹೋದಂತೆ ಆ ಚಿಕ್ಕ ಕಟ್ಟಿನ ಮೇಲಿನ ಸಂದು ಕಿರಿದಾಗುತ್ತ ಬಂತು. ಎಷ್ಟನೇ ಚೀಲಕ್ಕೆ ತಾಗುತ್ತದೆ ಎಂದು ಹುಡುಗರು ಗಟ್ಟಿಯಾಗಿ ಎಣಿಸತೊಡಗಿದರು.