ನವಲಿಯ ಮಿನುಗುವ ಕಲ್ಲು

ತುಂಗಭದ್ರೆಯ ಸಮಾನಾಂತರ ಜಲಾಶಯದ ಪ್ರಸ್ತಾವದಿಂದಾಗಿ ಕೊಪ್ಪಳ ಜಿಲ್ಲೆಯ ನವಲಿಯ ಹೆಸರು ಪತ್ರಿಕೆ ಓದುವವರಿಗೆ ಪರಿಚಿತ. ಆದರೆ ರಜೆಗೆ ಈ ಸೀಮೆಗೆ ಬರುವ ಮಕ್ಕಳನ್ನು ಮೊದಲು ಸೆಳೆಯುವುದು ಕಲ್ಲು. ಗಂಗಾವತಿ ಭಾಗದ ಬಂಡೆಗಳು ಗ್ರಾನೈಟ್ ಜಾತಿಯವು. ಬಿಸಿಲಿಗೆ ಅವುಗಳ ಮೈಯಲ್ಲಿ ಗಾಜಿನಂತೆ ಹೊಳೆಯುವ ಕಣವೇ ಬೆಣಚು, ಅಂದರೆ ಕ್ವಾರ್ಟ್ಜ್. ಅದೇ ತಿಳಿಯಾಗಿ ಬೆಳೆದರೆ ಸ್ಫಟಿಕ.

ಇಂಥ ಹರಳನ್ನು ಮನೆಗೆ ತಂದ ಮೇಲೆ ಶುದ್ಧಿ ಮಾಡಿ, ಹುಣ್ಣಿಮೆಯ ಬೆಳಕಿಗಿಟ್ಟು ‘ಶಕ್ತಿ ತುಂಬಬೇಕು’ ಎಂಬ ಮಾತು ಈಗ ಪೇಟೆಯಲ್ಲಿ ಹಬ್ಬಿದೆ. ಬೆಳದಿಂಗಳಿನಿಂದ ಕಲ್ಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬೆಣಚಿನಲ್ಲಿ ವಿದ್ಯುತ್ತು ಹುಟ್ಟುವುದು ಅದನ್ನು ಒತ್ತಿದಾಗ. 1880ರಲ್ಲಿ ಕ್ಯೂರಿ ಸೋದರರು ಕಂಡುಕೊಂಡ ಸಂಗತಿಯಿದು. ಕೈಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವುದೂ ಬ್ಯಾಟರಿಯ ಬಲದಿಂದಲೇ.

ಬೆಣಚಿನ ಕೊಳೆ ತೆಗೆಯಲು ಉಗುರುಬೆಚ್ಚಗಿನ ನೀರು, ತುಸು ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಅಂಗಡಿಯಿಂದ ತಂದ ಎಲ್ಲ ಹರಳಿಗೂ ಈ ಉಪಚಾರ ಸಲ್ಲದು. ಜಿಪ್ಸಮ್ ಜಾತಿಯ ಸೆಲೆನೈಟ್ ನೀರಿನಲ್ಲಿ ಸವೆಯುತ್ತದೆ. ನೇರಳೆ ಅಮೆಥಿಸ್ಟ್ ಬಹಳ ದಿನ ಬಿಸಿಲಲ್ಲಿದ್ದರೆ ಬಣ್ಣಗೆಡುತ್ತದೆ. ಸ್ಫಟಿಕದ ಗುಂಡನ್ನು ಕಿಟಕಿಯ ಬಿಸಿಲಿಗಿಟ್ಟರಂತೂ ಅದು ಭೂತಗನ್ನಡಿಯಂತೆ ಕಿರಣಗಳನ್ನು ಕೂಡಿಸಿ ಪರದೆಗೆ ಬೆಂಕಿ ಹಚ್ಚೀತು. ಕಲ್ಲು ನೆನೆಸಿದ ನೀರನ್ನು ಮಕ್ಕಳಿಗೆ ಕುಡಿಸುವುದು ಬೇಡವೇ ಬೇಡ. ಹಸಿರು ಮ್ಯಾಲಕೈಟ್‌ನಲ್ಲಿ ತಾಮ್ರವಿರುತ್ತದೆ.

ಹರಳಿನ ಚಮತ್ಕಾರ ನೋಡಬಯಸುವವರು ಕತ್ತಲಲ್ಲಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಬಲವಾಗಿ ಉಜ್ಜಬೇಕು. ಕಲ್ಲಿನೊಳಗೆ ಮಂದವಾದ ಬೆಳಕು ಮಿನುಗಿ ಮರೆಯಾಗುತ್ತದೆ. ಚೂರು ಸಿಡಿಯುವುದುಂಟು, ಮುಖ ದೂರವಿರಲಿ, ಪಕ್ಕದಲ್ಲಿ ದೊಡ್ಡವರೊಬ್ಬರಿರಲಿ.