ವಿಂಡೋಸ್ ಏಳುವ ಮುಂಚಿನ ಬೀಗ

ನಮ್ಮ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಊರಿನ ಅರ್ಧ ಜನರ ಆಧಾರ್ ಕಾರ್ಡ್ ಇದೆ. ಜೊತೆಗೆ ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಕ್ಕಳ ಜಾತಿ-ಆದಾಯ ಪ್ರಮಾಣಪತ್ರ. ಜನ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಪ್ರಿಂಟ್ ತೆಗೆದುಕೊಂಡು ಹೋಗುತ್ತಾರೆ. ಫೈಲ್ ಮಾತ್ರ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಉಳಿದುಬಿಡುತ್ತದೆ. ನಿಮ್ಮೂರಿನ ಅಂಗಡಿಯಲ್ಲೂ ಹೀಗೇ ಇರಬಹುದು.

ಹೋದ ವರ್ಷ ನಮ್ಮ ಹೋಬಳಿಯ ಒಂದು ಅಂಗಡಿಯ ಬೀಗ ಒಡೆದು ಸಿಪಿಯು ಹೊತ್ತೊಯ್ದರು. (ಆ ಡಬ್ಬಕ್ಕೆ ನಾವೆಲ್ಲ ಸಿಪಿಯು ಅಂತಲೇ ಅನ್ನುವುದು, ಹಾಗೇ ಇರಲಿ.) ಊರವರೆಲ್ಲ ಅದರ ಬೆಲೆ ಎಷ್ಟು ಅಂತ ಮಾತಾಡಿಕೊಂಡರು. ಒಳಗಿದ್ದ ಜನರ ದಾಖಲೆಗಳ ಗತಿ ಏನು ಅಂತ ಒಬ್ಬರೂ ಕೇಳಲಿಲ್ಲ. ನಾನು ಚಿಕ್ಕಪ್ಪನನ್ನು ಕೇಳಿದೆ. "ಪಾಸ್‌ವರ್ಡ್ ಹಾಕಿದೀನಲ್ಲಮ್ಮಾ, ಯಾರು ತೆಗೀತಾರೆ?" ಅಂದರು.

ತೆಗೆದು ತೋರಿಸಿದೆ. ಉಬುಂಟು ತುಂಬಿದ ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಕಂಪ್ಯೂಟರ್ ಆನ್ ಮಾಡಿ, ಪೆನ್‌ಡ್ರೈವ್‌ನಿಂದಲೇ ಶುರುವಾಗು ಅಂತ ಹೇಳಿದೆ. ವಿಂಡೋಸ್ ಏಳಲೇ ಇಲ್ಲ, ಪಾಸ್‌ವರ್ಡ್ ಕೇಳಲೂ ಇಲ್ಲ. ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಪಕ್ಕದ ಮನೆ ಅಜ್ಜಿಯ ಪಾಸ್‌ಬುಕ್ ಪರದೆಯ ಮೇಲೆ ಬಂತು. ಚಿಕ್ಕಪ್ಪ ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದರು.

ವಿಷಯ ಇಷ್ಟೇ. ಸ್ವಿಚ್ ಒತ್ತಿದ ಕೂಡಲೇ ಕೆಲಸ ಶುರುಮಾಡುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್ ಮೇಲಿನ ಸಣ್ಣ ಚಿಪ್ಪಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ, ಅದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. 1981ರ ಐಬಿಎಂ ಪಿಸಿ ಕಾಲದಿಂದ ಅದನ್ನು ಬಯೋಸ್ ಅಂತ ಕರೆದರು. ಈಗ ಬರುವುದು ಯುಇಎಫ್ಐ, ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಬಯೋಸೇ. ರ‍್ಯಾಮ್, ಕೀಬೋರ್ಡ್, ಡಿಸ್ಕ್ ಎಲ್ಲ ಇವೆಯೇ ಅಂತ ನೋಡಿ, ಯಾವುದರಿಂದ ಶುರುಮಾಡಬೇಕು ಅಂತ ತೀರ್ಮಾನಿಸುವುದು ಅದು. ವಿಂಡೋಸ್ ಪಾಸ್‌ವರ್ಡ್ ನಡುಮನೆಯ ಬಾಗಿಲ ಬೀಗ ಇದ್ದ ಹಾಗೆ. ತಲೆಬಾಗಿಲು ತೆರೆದೇ ಇತ್ತು.

ಅಂದೇ ಕೂತೆವು. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿದ್ದರೆ ಬಯೋಸ್ ಪರದೆ ಬರುತ್ತದೆ, ಎಚ್‌ಪಿ ಡೆಸ್ಕ್‌ಟಾಪ್‌ಗಳಲ್ಲಿ ಎಫ್10. ಸೆಕ್ಯೂರಿಟಿ ಎಂಬ ಪುಟದಲ್ಲಿ ಸಾಮಾನ್ಯವಾಗಿ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ಅಡ್ಮಿನಿಸ್ಟ್ರೇಟರ್ ಅಥವಾ ಸೂಪರ್‌ವೈಸರ್ ಪಾಸ್‌ವರ್ಡ್, ಅದಿಲ್ಲದೆ ಬಯೋಸ್ ಸೆಟ್ಟಿಂಗ್ ಬದಲಿಸಲಾಗುವುದಿಲ್ಲ. ಇನ್ನೊಂದು ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಕೇಳುವಂಥದ್ದು. ನಾವು ಮೊದಲನೆಯದನ್ನು ಮಾತ್ರ ಹಾಕಿದೆವು. ಬೆಳಿಗ್ಗೆ ಅಂಗಡಿ ತೆರೆಯುವ ಹುಡುಗ ಎರಡನೆಯದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆಮೇಲೆ ಬೂಟ್ ಪುಟಕ್ಕೆ ಹೋಗಿ ಯುಎಸ್‌ಬಿಯಿಂದ ಶುರುವಾಗುವುದನ್ನು ಬಂದ್ ಮಾಡಿದೆವು. ಕೆಲವು ಬೋರ್ಡ್‌ಗಳಲ್ಲಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇದ್ದರೂ ಎಫ್12 ಒತ್ತಿದರೆ ಬೂಟ್ ಮೆನು ತೆರೆದುಕೊಳ್ಳುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಅದೇ ಪೆನ್‌ಡ್ರೈವ್ ಸಿಕ್ಕಿಸಿ ನೀವೇ ಕಳ್ಳರ ಹಾಗೆ ಒಮ್ಮೆ ಪ್ರಯತ್ನಿಸಿ ನೋಡಬೇಕು.

ಸೆಕ್ಯೂರ್ ಬೂಟ್ ನಮ್ಮ ಕಂಪ್ಯೂಟರ್‌ನಲ್ಲಿ ಆಫ್ ಆಗಿತ್ತು. 2012ರಲ್ಲಿ ವಿಂಡೋಸ್ 8ರ ಜೊತೆ ಮನೆಮಾತಾದ ಸೌಲಭ್ಯ ಇದು. ಶುರುವಾಗಲು ಬಂದ ಪ್ರೋಗ್ರಾಂಗೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಅಂತ ಫರ್ಮ್‌ವೇರ್ ನೋಡುತ್ತದೆ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಆದರೆ ಉಬುಂಟುವಿಗೂ ಅಂಥ ಸಹಿ ಇದೆ, ಹಾಗಾಗಿ ನನ್ನ ಪೆನ್‌ಡ್ರೈವ್ ಅನ್ನು ಇದೊಂದೇ ತಡೆಯುತ್ತಿರಲಿಲ್ಲ. ಇದು ಬೇರೆ ಥರದ ಶತ್ರುವಿಗೆ, ವಿಂಡೋಸ್‌ಗಿಂತ ಮುಂಚೆ ಎದ್ದು ಕೂರುವ ವೈರಸ್‌ಗಳಿಗೆ. 2018ರಲ್ಲಿ ಇಸೆಟ್ ಸಂಸ್ಥೆಯವರು ಪತ್ತೆ ಮಾಡಿದ ಲೋಜ್ಯಾಕ್ಸ್ ಸೇರಿಕೊಳ್ಳುತ್ತಿದ್ದದ್ದು ಮದರ್‌ಬೋರ್ಡ್ ಚಿಪ್ಪಿನೊಳಗೇ. ವಿಂಡೋಸ್ ಹೊಸದಾಗಿ ಹಾಕಿಸಿದರೂ, ಡಿಸ್ಕನ್ನೇ ಬದಲಿಸಿದರೂ ಅದು ಹೋಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ಸೆಕ್ಯೂರ್ ಬೂಟ್ ಆನ್ ಮಾಡುವ ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಇನ್‌ಫೋ32 ತೆರೆದು ಬಯೋಸ್ ಮೋಡ್ ನೋಡಿ. ಲೆಗಸಿ ಅಂತಿದ್ದರೆ ಸುಮ್ಮನೆ ಕೈಹಾಕಬೇಡಿ, ಆಮೇಲೆ ವಿಂಡೋಸ್ ಏಳದೇ ಹೋಗಬಹುದು. ನಮ್ಮದು ಯುಇಎಫ್ಐ ಅಂತಿತ್ತು, ಕೆಲಸ ಸಲೀಸಾಯಿತು.

ಇಷ್ಟಾದ ಮೇಲೆ ಚಿಕ್ಕಪ್ಪನಿಗೆ ನೆಮ್ಮದಿ. ನಾನು ಆ ನೆಮ್ಮದಿ ಕೆಡಿಸಬೇಕಾಯಿತು. ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದ ಥರ ದುಂಡಗಿನ ಸೆಲ್ ಇರುತ್ತದೆ, ಸಿಆರ್2032, ಮೂರು ವೋಲ್ಟ್‌ನದು. ಎಷ್ಟೋ ಬೋರ್ಡ್‌ಗಳಲ್ಲಿ ಕರೆಂಟ್ ತೆಗೆದು, ಆ ಸೆಲ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಬಯೋಸ್ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಕಚೇರಿಗಳಿಗೆಂದು ಮಾಡಿದ ಕೆಲವು ಮಾಡೆಲ್‌ಗಳಲ್ಲಿ ಹಾಗೆ ಅಳಿಸುವುದಿಲ್ಲ, ಆದರೂ ಡಬ್ಬ ಹೊತ್ತೊಯ್ದವನಿಗೆ ಅಷ್ಟೂ ಕಷ್ಟ ಬೇಕಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತು. ಅಂಗಡಿಯಲ್ಲಿ ಹತ್ತು ನಿಮಿಷ ಒಂಟಿಯಾಗಿ ಸಿಕ್ಕವನನ್ನು ಬಯೋಸ್ ಬೀಗ ತಡೆದೀತು. ಕಳ್ಳನನ್ನು ತಡೆಯಲು ಡಿಸ್ಕಿನಲ್ಲಿರುವುದನ್ನೇ ಗೂಢಲಿಪಿ ಮಾಡಿಡಬೇಕು.

ವಿಂಡೋಸ್ ಪ್ರೊನಲ್ಲಿ ಅದಕ್ಕೆ ಬಿಟ್‌ಲಾಕರ್ ಇದೆ. ಅದರ ಕೀಲಿಯನ್ನು ಕಾಯುವುದು ಟಿಪಿಎಂ. ವಿಂಡೋಸ್ 11 ಬಂದಾಗ ಕಡ್ಡಾಯ ಮಾಡಿದರಲ್ಲ, ಅದೇ. ಚಿಕ್ಕಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಡೆಸ್ಕ್‌ಟಾಪ್ ಎಂಟನೇ ಪೀಳಿಗೆಯ ಇಂಟೆಲ್‌ನದು, ಬಯೋಸ್‌ನಲ್ಲಿ ಪಿಟಿಟಿ ಎಂಬ ಹೆಸರಲ್ಲಿ ಟಿಪಿಎಂ ಮಲಗಿತ್ತು. ಎಬ್ಬಿಸಿದೆವು. ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೊಟ್ಟಿತು. ಅದು ಕಳೆದರೆ, ಮುಂದೊಂದು ದಿನ ಕಂಪ್ಯೂಟರ್ ಅದನ್ನು ಕೇಳಿದಾಗ ನಮ್ಮ ಫೈಲ್ ನಮಗೇ ಸಿಗುವುದಿಲ್ಲ. ಬಯೋಸ್‌ನಲ್ಲಿ ಏನಾದರೂ ಬದಲಿಸಿದರೂ ಕೇಳಬಹುದು, ಆದ್ದರಿಂದ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಿಯೇ ಮುಂದುವರಿಯಬೇಕು. ಎರಡು ಹಾಳೆಯಲ್ಲಿ ಬರೆದೆವು. ಒಂದು ಮನೆಪತ್ರ ಇಡುವ ಟ್ರಂಕಿಗೆ ಹೋಯಿತು, ಇನ್ನೊಂದು ಚಿಕ್ಕಮ್ಮನ ಕೈಗೆ.

ಬಯೋಸ್ ಅಪ್‌ಡೇಟ್ ಮಾತ್ರ ಅವತ್ತು ಮಾಡಲಿಲ್ಲ. ಅದು ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಇರಬಹುದು. ನಮ್ಮೂರ ಕರೆಂಟ್ ನಂಬಿ ಆ ಕೆಲಸಕ್ಕೆ ಇಳಿಯುವ ಧೈರ್ಯ ನನಗಿಲ್ಲ. ಹೊಸ ಯುಪಿಎಸ್ ಬ್ಯಾಟರಿ ಬಂದ ಮೇಲೆ ಮಾಡಿದೆವು.

ಜಗಳ ಆದದ್ದು ಹಳೆಯ ಫೈಲ್ ಅಳಿಸುವ ಮಾತಿಗೆ. ಕಂಪ್ಯೂಟರ್ ಆನ್ ಇರುವಾಗ ಈ ಬೀಗಗಳೆಲ್ಲ ತೆರೆದೇ ಇರುತ್ತವೆ, ಹಾಗಾಗಿ ಬೇಡದ್ದನ್ನು ಅಳಿಸಿ ಅಂದೆ. "ಮುಂದಿನ ತಿಂಗಳು ಅದೇ ಆಧಾರ್ ಬೇಕು ಅಂತ ಬರ್ತಾರೆ, ಫೋನಲ್ಲಿ ಇರಲ್ಲ. ವಯಸ್ಸಾದವರನ್ನ ಮತ್ತೆ ಮನೆಗೆ ಓಡಿಸ್ಲಾ?" ಅಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಈಗ ಇಟ್ಟುಕೊಳ್ಳಲೇ ಅಂತ ಕೇಳಿ, ಹೂಂ ಅಂದವರದ್ದು ಮಾತ್ರ ಇಡುತ್ತಾರೆ. ಮಿಕ್ಕಿದ್ದನ್ನು ಶನಿವಾರ ಸಂಜೆ ಅಳಿಸುತ್ತಾರೆ, ಮರೆಯದಿದ್ದರೆ.

ಮೊನ್ನೆ ಪೇಟೆಯಿಂದ ರಿಪೇರಿಯವನು ಬಂದಿದ್ದ. ಬಯೋಸ್ ಪಾಸ್‌ವರ್ಡ್ ಹೇಳಿ ಸಾರ್ ಅಂದ. ಚಿಕ್ಕಪ್ಪ ಹೇಳಲಿಲ್ಲ. ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು, ಅವನನ್ನು ಅತ್ತ ತಿರುಗಲು ಹೇಳಿ, ಒಂದೊಂದೇ ಬೆರಳಲ್ಲಿ ತಾವೇ ಟೈಪ್ ಮಾಡಿದರು.